ಎದುರುಮನೆ ಅತ್ತೆಯ ಮೊಣಕೈ

ಅಟ್ಟದ ಮೇಲಿಂದ ಇಳಿಸಿದ ಗೋಣಿಚೀಲ ಬಿಚ್ಚಿದ್ದೇ ತಡ, ಇಂಗಿನ ವಾಸನೆ ಮೂಗಿಗೆ ಹೊಡೀತು. ಇಂಗು, ಹಳೇ ಎಣ್ಣೆ, ಹಲಸಿನ ಮರ... ಮೂರೂ ಸೇರಿದ ವಾಸನೆ. ಆ ಚೀಲದ ಬಾಯಿ ಕಟ್ಟಿ ನಲವತ್ತು ವರ್ಷದ ಹತ್ತಿರ ಆಯ್ತು, ಇಂಗು ಇನ್ನೂ ಹೋಗಿಲ್ಲ ನೋಡಿ. ನಾನು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ.

ಮೊಮ್ಮಗಳು ಓಡಿ ಬಂದ್ಲು. "ಅಜ್ಜಿ, ಏನಾಯ್ತು? ಬಿಪಿ ಮಾತ್ರೆ ತಗೊಂಡ್ಯಾ?" ಅಂದ್ಲು. ಇವಳಿಗೆ ಅಜ್ಜಿ ಕೂತ್ರೂ ಬಿಪಿ, ನಿಂತ್ರೂ ಬಿಪಿ.

ಚೀಲದಲ್ಲಿ ಇದ್ದಿದ್ದು ಒಂದು ಮಣೆ. ಊಟಕ್ಕೆ ಕೂರೋ ಮಣೆ, ಅಷ್ಟೇ. ನಾಲ್ಕು ಬೆರಳು ಎತ್ತರ. ಕೆಳಗೆ ಎರಡು ಅಡ್ಡಪಟ್ಟಿ ಇರಬೇಕು, ಒಂದೇ ಇದೆ. ಇನ್ನೊಂದು ಇದ್ದ ಜಾಗದಲ್ಲಿ ಎರಡು ಮೊಳೆ ತುಕ್ಕು ಹಿಡಿದು ಹಲ್ಲು ಕಿರ್ಕೊಂಡು ನಿಂತಿವೆ.

ನಮ್ಮನೆ ಅಡುಗೆಮನೆ ಒಡೆದು ಹೊಸದು ಮಾಡಿಸ್ತಿದೀವಿ, ಅದಕ್ಕೇ ಅಟ್ಟ ಖಾಲಿ ಮಾಡಿದ್ದು. ನಿನ್ನೆ ತಾನೇ ಒಬ್ಬಳು ಡಿಸೈನರ್ ಹುಡುಗಿ ಬಂದು ಅಳತೆ ತಗೊಂಡು ಹೋಗಿದ್ಲು. ಕೈಯಲ್ಲಿ ಕೆಂಪು ದೀಪ ಬಿಡೋ ಪುಟ್ಟ ಡಬ್ಬಿ. ಗೋಡೆಗೆ ತೋರಿಸಿದ್ರೆ ಸಾಕು, ಅಳತೆ ಬಂದ್ಬಿಡತ್ತೆ. ಟೇಪ್ ಹಿಡಿಯೋಕೆ ಇನ್ನೊಬ್ಬರು ಬೇಡ. ಹೋಗೋವಾಗ, "ಆಂಟಿ, ಕಟ್ಟೆ ಹೈಟು ಸ್ಟ್ಯಾಂಡರ್ಡ್ ಹಾಕ್ಬಿಡ್ತೀನಿ, ಓಕೆ ನಾ?" ಅಂದ್ಲು. ಆ ಸ್ಟ್ಯಾಂಡರ್ಡ್ ಅನ್ನೋ ಮಾತಿಗೆ ಹೂಂ ಅನ್ನೋಕೆ ಮನಸ್ಸು ಬರಲಿಲ್ಲ. "ನಾಳೆ ಬಾಮ್ಮ, ಹೇಳ್ತೀನಿ" ಅಂತ ಕಳಿಸಿದ್ದೆ. ಇವತ್ತು ಬೆಳಗಾಗ್ತಿದ್ದಂಗೆ ಈ ಮಣೆ ಸಿಕ್ತು.

ಫೋನಲ್ಲಿ ಕನ್ನಡ ಕುಟ್ಟೋದು ಮೊಮ್ಮಗಳು ಹೇಳ್ಕೊಟ್ಟು ಹದಿನೈದು ದಿನ ಆಯ್ತು. ಇಲ್ಲೀವರೆಗೂ ಬರೀ ನೆಂಟರಿಗೆ ಶುಭೋದಯ, ತಮ್ಮನಿಗೆ ಬೈಗುಳ, ಇಷ್ಟೇ ಕುಟ್ಟಿದ್ದು. ಇವತ್ತು ಇದನ್ನ ಕುಟ್ತೀನಿ. ಒಂದೇ ಬೆರಳು, ನಿಧಾನ ಆಗತ್ತೆ. ಆಗ್ಲಿ. ನಲವತ್ತು ವರ್ಷ ತಡೆದಿದೀನಿ, ಇನ್ನೊಂದು ಗಂಟೆ ಏನ್ಮಹಾ.

ಎಪ್ಪತ್ತರ ದಶಕದ ಕೊನೆ. ಬನಶಂಕರಿ ಸೆಕೆಂಡ್ ಸ್ಟೇಜಲ್ಲಿ ನಮ್ಮದು ಬಾಡಿಗೆ ಮನೆ. ರಸ್ತೆ ದಾಟಿದ್ರೆ ಎದುರಿಗೆ ಅವರ ಸ್ವಂತ ಮನೆ. ರಕ್ತಸಂಬಂಧ ಏನೂ ಇಲ್ಲ, ಆದ್ರೂ ನಮಗೆ ಅವರು ಅತ್ತೆ, ಅವರ ಯಜಮಾನ್ರು ಮಾವ. ನಮ್ಮ ಬೀದೀಲಿ ವಯಸ್ಸಾದವರೆಲ್ಲ ಅತ್ತೆ ಮಾವನೇ. ಮಾವ ಸರ್ಕಾರಿ ಆಫೀಸಲ್ಲಿ ಕೆಲಸ, ಆರಡಿ ಮನುಷ್ಯ, ಬಾಗಿಲಿಗೆ ಬಂದ್ರೆ ತಲೆ ಬಗ್ಗಿಸೋರು. ಅತ್ತೆ ಅವರ ಪಕ್ಕ ನಡೆದ್ರೆ ಅವರ ಮೊಣಕೈ ಹತ್ತಿರ ತುರುಬು ಕಾಣೋದು. ಮಾವನ ಪಕ್ಕ ಯಾರು ನಿಂತ್ರೂ ಗಿಡ್ಡಾನೇ ಅಲ್ವಾ? ಅದಕ್ಕೇ ಅತ್ತೆ ಎಷ್ಟು ಗಿಡ್ಡ ಅಂತ ಯಾರೂ ಯೋಚನೇನೇ ಮಾಡಿರ್ಲಿಲ್ಲ. ಅವರು ಯಾವಾಗ್ಲೂ ಕೂತೇ ಇರೋರು ಬೇರೆ. ಕೂತು ಅಡುಗೆ, ಕೂತು ತರಕಾರಿ, ಕೂತು ರುಬ್ಬೋದು. ಕೂತ್ಮೇಲೆ ಎಲ್ಲರೂ ಒಂದೇ ಎತ್ತರ.

ನಾನು ಪಿಯುಸಿ ಮುಗಿಸಿ, ಜಯನಗರದ ಹೆಣ್ಮಕ್ಕಳ ಕಾಲೇಜಲ್ಲಿ ಇಂಟೀರಿಯರ್ ಡೆಕೊರೇಷನ್ ಓದ್ತೀನಿ ಅಂದಾಗ ಅಪ್ಪ ಪೇಪರ್ ಕೆಳಗಿಟ್ಟು ನಕ್ಕರು. ಆಗ ಡಿಸೈನ್ ಅಂತಿರ್ಲಿಲ್ಲ, ಡೆಕೊರೇಷನ್ ಅಂತಿದ್ದಿದ್ದು.

"ಪರದೆಗೆ ಯಾವ ಬಣ್ಣ ಅಂತ ಕಲಿಯೋಕೆ ಮೂರು ವರ್ಷ ಕಾಲೇಜಾ? ನಿಮ್ಮಮ್ಮನ್ನ ಕೇಳು, ಮೂರು ನಿಮಿಷದಲ್ಲಿ ಹೇಳ್ತಾಳೆ."

ನಾನು ಅಳ್ತಾ ಎದುರುಮನೆಗೆ ಹೋದೆ. ಅತ್ತೆ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಬಿಟ್ಟು, ಸೆರಗು ಸಿಗಿಸ್ಕೊಂಡು ನಮ್ಮನೆ ಜಗಲಿಗೆ ಬಂದು ನಿಂತ್ರು.

"ರಾಯರೇ, ಕೂತ ಕಡೆ ನಿಮಗೆ ತಟ್ಟೆ ಬರತ್ತೆ. ಆ ತಟ್ಟೆ ಹೊರಡೋ ಜಾಗ ಹೇಗಿದೆ ಅಂತ ಯಾವತ್ತಾದ್ರೂ ಒಳಗೆ ಹೋಗಿ ನೋಡಿದೀರಾ? ಅದನ್ನ ನೋಡೋ ಓದಂತೆ ಇದು. ಕಳ್ಸಿ ಹುಡುಗೀನ."

ಅಪ್ಪ ಪೇಪರ್ ಮಡಚಿಟ್ರು. ಕಳಿಸಿದ್ರು. ಆದ್ರೆ ಒಂದು ಷರತ್ತು ಹಾಕಿದ್ರು. ಒಂದೇ ಒಂದು ಪೇಪರಲ್ಲಿ ನಪಾಸಾದ್ರೂ ಕಾಲೇಜು ಬಂದ್, ಗಂಡು ಹುಡುಕೋದು.

ಆ ಮೂರು ವರ್ಷ ನಾನು ಡ್ರಾಯಿಂಗ್ ಬೋರ್ಡ್ ಹೊತ್ಕೊಂಡು ಬಸ್ಸಲ್ಲಿ ಓಡಾಡಿದ್ದು ಈಗ ನೆನೆಸ್ಕೊಂಡ್ರೆ ನಗು ಬರತ್ತೆ. ಕಂಡಕ್ಟರ್ ದಿನಾ ಕೇಳೋನು, "ಏನಮ್ಮಾ, ಊರಿಗೆಲ್ಲ ಚಪಾತಿ ಲಟ್ಟಿಸ್ತೀಯಾ? ಮಣೆಗೂ ಒಂದು ಟಿಕೆಟ್ ಹರೀಲಾ?" ನಾನು, "ಅದಕ್ಕೆ ಕೂರೋಕೆ ಸೀಟು ಕೊಡು, ಟಿಕೆಟ್ ತಗೋತೀನಿ" ಅಂತಿದ್ದೆ. ಟ್ರೇಸಿಂಗ್ ಪೇಪರ್ ಮೇಲೆ ಇಂಕಲ್ಲಿ ಗೆರೆ ಎಳೀಬೇಕು. ತಪ್ಪಾದ್ರೆ ರಬ್ಬರ್ ಹಾಕಿದ್ರೆ ಹೋಗಲ್ಲ, ಬ್ಲೇಡಲ್ಲಿ ಮೆತ್ತಗೆ ಕೆರೀಬೇಕು. ನನಗೆ ಅದರಲ್ಲಿ ಎತ್ತಿದ ಕೈ. ತಪ್ಪು ಮಾಡೋದ್ರಲ್ಲೂ, ಕೆರೆಯೋದ್ರಲ್ಲೂ. ಪೇಪರ್ ಬೆಳಕಿಗೆ ಹಿಡಿದ್ರೂ ಕೆರೆದಿದ್ದು ಗೊತ್ತಾಗ್ತಿರ್ಲಿಲ್ಲ.

ಮೂರನೇ ವರ್ಷ ದೊಡ್ಡ ಪ್ರಾಜೆಕ್ಟ್. ಕಾಗದದ ಮೇಲಲ್ಲ, ನಿಜವಾದ ಒಂದು ಮನೇಲಿ ನಿಜವಾದ ಒಂದು ಕೋಣೆ ಬದಲಾಯಿಸಿ ತೋರಿಸಬೇಕು. ಹೊರಗಿಂದ ಎಕ್ಸಾಮಿನರ್ ಬಂದು ನೋಡ್ತಾರೆ, ಮನೆಯವರನ್ನ ಪ್ರಶ್ನೆ ಕೇಳ್ತಾರೆ. ನಮ್ಮದು ಬಾಡಿಗೆ ಮನೆ, ಒಂದು ಮೊಳೆ ಹೊಡೆದ್ರೆ ಓನರ್ ಬಾಗಿಲಿಗೆ ಬರೋರು. ಎಲ್ಲಿ ಹೋಗ್ಲಿ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

ಅತ್ತೇನೇ ಹೇಳಿದ್ರು. ಅವರಿಗೆ ಎಷ್ಟೋ ವರ್ಷ ಕಾದ್ಮೇಲೆ ಗ್ಯಾಸ್ ಬಂದಿತ್ತು. ಗ್ಯಾಸ್ ಒಲೆ ಇಡೋಕೆ ಕಟ್ಟೆ ಬೇಕು. "ನನ್ನ ಮಂಡಿ ಸವೆದು ಹೋಗಿದೆ ಕಣೆ. ಒಂದ್ಸಲ ಕೂತ್ರೆ ಏಳೋಕೆ ಗೋಡೆ ಹಿಡೀಬೇಕು. ನೀನೇ ಕಟ್ಟಿಸ್ಕೊಡು. ನಿಂತ್ಕೊಂಡು ರಾಣಿ ಥರ ಅಡುಗೆ ಮಾಡ್ತೀನಿ."

ಎಷ್ಟು ಖುಷಿ ಆಯ್ತು ಗೊತ್ತಾ ನನಗೆ. ಅವರ ಮಂಡಿ ಉಳಿಯತ್ತೆ, ನನ್ನ ಕಾಲೇಜೂ ಉಳಿಯತ್ತೆ.

ಆದ್ರೆ ಅಳತೆ ತಗೊಳ್ಳೋದು ಹೇಗೆ? ಅತ್ತೆ ಮಡಿ ಅಂದ್ರೆ ಮಡಿ. ಬಸ್ಸಲ್ಲಿ ಓಡಾಡಿದ ಬಟ್ಟೇಲಿ ಅಡುಗೆಮನೆ ಹೊಸಲು ದಾಟೋ ಹಾಗಿಲ್ಲ. ಅದಕ್ಕೂ ದಾರಿ ಅವರೇ ಹೇಳಿದ್ರು. "ನಾನು ಹೊರಗೆ ಕೂತಾಗ ಬಾ. ಆ ಮೂರು ದಿನ ನಿಮ್ಮ ಮಾವಂದೇ ಅಡುಗೆ. ಅವರಿಗೆ ಮಡಿ ಗಿಡಿ ಏನಿಲ್ಲ."

ಈಗಿನ ಮಕ್ಕಳಿಗೆ ಇದು ಗೊತ್ತಿರಲ್ಲ, ಹೇಳ್ಬಿಡ್ತೀನಿ. ತಿಂಗಳ ಆ ಮೂರು ದಿನ ಅವರು ವರಾಂಡದ ಮೂಲೇಲಿ ಚಾಪೆ ಹಾಸ್ಕೊಂಡು ಕೂರೋರು. ಯಾರೂ ಮುಟ್ಟೋ ಹಾಗಿಲ್ಲ, ಅವರೂ ಏನನ್ನೂ ಮುಟ್ಟೋ ಹಾಗಿಲ್ಲ. ಅವರ ಅಡುಗೆಮನೆ ನನಗೆ ಸಿಗ್ತಿದ್ದಿದ್ದು ಆಗ ಮಾತ್ರ.

ಹೋದೆ. ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಬಟ್ಟೆ ಟೇಪ್ ತಗೊಂಡು ಹೋಗಿದ್ದೆ. ಒಳಗೆ ಮಾವ ಪಂಚೆ ಎತ್ತಿ ಕಟ್ಟಿ ಹುಳಿ ಮಾಡ್ತಿದಾರೆ, ಹೊರಗಿಂದ ಅತ್ತೆ ಆಜ್ಞೆ ಮಾಡ್ತಿದಾರೆ.

"ಸಾಸಿವೆ ಎಡಗಡೆ ಡಬ್ಬೀಲಿದೆ ರೀ... ನಿಮ್ಮೆಡ ಅಲ್ಲ, ಕಿಟಕಿ ಎಡ!"

"ಕಿಟಕಿಗೆ ಎಡ ಬಲ ಎಲ್ಲಿರತ್ತೆ ಮಾರಾಯ್ತಿ?"

"ಮೂವತ್ತು ವರ್ಷದಿಂದ ಫೈಲ್ ಹುಡುಕ್ತಾರಂತೆ, ಸಾಸಿವೆ ಹುಡುಕೋಕೆ ಬರಲ್ಲ. ನೋಡ್ಕೊಂಡಿರು ಕಣೆ, ಇದನ್ನೂ ಬರ್ಕೋ!"

ನಾನು ಎಲ್ಲಾ ಬರ್ಕೊಂಡೆ. ಗೋಡೆ ಉದ್ದ, ಬಾಗಿಲ ಅಗಲ, ಕಿಟಕಿ ನೆಲದಿಂದ ಎಷ್ಟು, ನೀರಿನ ಹಂಡೆ ಸುತ್ತಳತೆ, ಒರಳುಕಲ್ಲು, ಗ್ಯಾಸ್ ಸಿಲಿಂಡರ್ ಎತ್ತರ. ಮೂಲೇಲಿದ್ದ ಉಪ್ಪಿನ ಜಾಡಿ ಸಹ ಬಿಡಲಿಲ್ಲ. ಕಾಲೇಜಿಂದ ಕೊಟ್ಟಿದ್ದ ಹಾಳೇಲಿ ಒಂದೇ ಸಾಲು ಉಳೀತು, ಕೊನೇದು. ಅಡುಗೆ ಮಾಡುವವರ ಮೊಣಕೈ ಎತ್ತರ.

ನಮ್ಮ ಮೇಡಂ ಅದನ್ನ ಎಷ್ಟು ಸಲ ಹೇಳಿದ್ರು. ಕಟ್ಟೆ ಮೊಣಕೈಗಿಂತ ಕೆಳಗೇ ಇರಬೇಕು, ಅದು ಮುಖ್ಯ, ಅದನ್ನ ಬಿಟ್ಟು ಉಳಿದಿದ್ದೆಲ್ಲ ಅಳೆದ್ರೂ ಒಂದೇ ಬಿಟ್ರೂ ಒಂದೇ ಅಂತ.

ವರಾಂಡಕ್ಕೆ ಬಂದು, ದೂರದಲ್ಲೇ ನಿಂತು, "ಅತ್ತೆ, ನಿಮ್ಮ ಮೊಣಕೈ ಅಳೀಬೇಕು" ಅಂದೆ.

"ಮುಟ್ಬೇಡ್ವೇ!"

"ಟೇಪ್ ಎಸೀತೀನಿ, ನೀವೇ ಹಿಡ್ಕೊಂಡು ನಿಂತು ನೋಡಿ."

"ಆಮೇಲೆ ಆ ಟೇಪನ್ನೂ ನೀರಲ್ಲಿ ನೆನೆಸ್ಬೇಕು. ಬಟ್ಟೆ ಟೇಪು, ನೆನೆದ್ರೆ ಕುಗ್ಗತ್ತೆ. ನಿನ್ನ ಅಳತೆಯೆಲ್ಲ ತಪ್ಪಾಗ್ಬಿಡತ್ತೆ." ಹೀಗಂದು ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ, ತುರುಬಿಲ್ಲದ ಕೂದಲು ಹಿಂದೆ ತಳ್ಳಿ ಹೇಳಿದ್ರು, "ನಿಮ್ಮಮ್ಮನಷ್ಟೇ ಇದೀನಿ. ಬರ್ಕೋ."

ಕೂತೇ ಹೇಳಿದ್ರು. ನಾನು ಕೂತವರನ್ನ ನೋಡಿ ನಂಬಿದೆ. ಮನೆಗೆ ಹೋಗಿ ಅಮ್ಮನ್ನ ಗೋಡೆಗೆ ನಿಲ್ಲಿಸಿ ಅಳೆದು ಬರೆದೆ. ನಮ್ಮಮ್ಮ ಐದಡಿ ನಾಲ್ಕಿಂಚು. ಅತ್ತೆ... ಆಮೇಲೆ ಅಂದಾಜು ಮಾಡಿದೀನಿ, ನಾಲ್ಕಡಿ ಎಂಟಿಂಚು ಇದ್ರೆ ಹೆಚ್ಚು. ಗಿಡ್ಡ ಅಂತ ಒಪ್ಕೊಳ್ಳೋಕೆ ಅವರಿಗೂ ಒಂದು ಸಣ್ಣ ನಾಚಿಕೆ ಇತ್ತೇನೋ. ಅಥವಾ ಅವರಿಗೇ ಗೊತ್ತಿರ್ಲಿಲ್ವೋ. ಅವರನ್ನ ಯಾರು ಅಳೆದಿದ್ರು?

ಮೂರು ದಿನ ಕಳೆದ್ಮೇಲೆ ಒಂದ್ಸಲ ಹೋಗಿ ಅಳೀಬಹುದಾಗಿತ್ತು. ರಸ್ತೆ ದಾಟಿದ್ರೆ ಸಾಕು. ನಾಳೆ, ನಾಳೆ ಅಂತ ಬಿಟ್ಟೆ. ಇಂಕಲ್ಲಿ ಗೆರೆ ಎಳೆದಾಗಿತ್ತು, ಚೆನ್ನಾಗಿ ಬೇರೆ ಬಂದಿತ್ತು.

ಗಾರೆ ಮೇಸ್ತ್ರಿ ಇಟ್ಟಿಗೆ ಜೋಡಿಸೋವಾಗ ಕೇಳ್ದ, "ಎತ್ತರ ಸ್ವಲ್ಪ ಜಾಸ್ತಿ ಆಗ್ಲಿಲ್ವಾ ಅಮ್ಮಾ? ಮೂರಡಿ ಬರತ್ತೆ." ನಾನು ಮೂಗು ಮೇಲೆ ಮಾಡಿ, "ಡ್ರಾಯಿಂಗಲ್ಲಿ ಇರೋ ಹಾಗೆ ಕಟ್ಟಪ್ಪ" ಅಂದೆ. ಅತ್ತೆ ಪಕ್ಕದಲ್ಲೇ ಇದ್ರು. ಒಂದು ಕ್ಷಣ ಇಟ್ಟಿಗೆ ನೋಡಿದ್ರು, ನನ್ನ ನೋಡಿದ್ರು. "ಅವಳು ಹೇಳಿದಂಗೆ ಕಟ್ಟು. ಓದಿರೋಳು" ಅಂದ್ರು. ಮೇಲೆ ಕಡಪ ಕಲ್ಲು ಕೂರಿಸಿದ್ರು. ಕಪ್ಪಗೆ, ಮಿರಮಿರ ಅಂತ. ಕಡಪ ಕಲ್ಲನ್ನ ಬ್ಲೇಡಲ್ಲಿ ಕೆರೆಯೋಕೆ ಆಗಲ್ಲ.

ಎಕ್ಸಾಮಿನರ್ ಬಂದ ದಿನ ಅತ್ತೆ ಮಡಿಗೆ ರಜ ಕೊಟ್ಟು ರೇಷ್ಮೆ ಸೀರೆ ಉಟ್ಟಿದ್ರು. ಯಾವತ್ತೂ ಕಣಕಾಲು ಕಾಣೋ ಹಾಗೆ ಎತ್ತಿ ಉಡೋರು, ಅವತ್ತು ನೆಲ ಗುಡಿಸೋ ಹಾಗೆ ನೆರಿಗೆ ಬಿಟ್ಟಿದ್ರು. ಒಲೆ ಮುಂದೆ ನಿಂತು ಉಪ್ಪಿಟ್ಟು ತಿರುಗಿಸ್ತಿದ್ರು. ನಮ್ಮ ಮೇಡಂ ಮತ್ತು ಎಕ್ಸಾಮಿನರ್ ಒಳಗೆ ಬಂದ್ರೂ ಈಚೆ ಬರಲಿಲ್ಲ. ಸೊಂಟದಿಂದ ಮೇಲೆ ಮಾತ್ರ ತಿರುಗಿ ಕೈ ಮುಗಿದ್ರು. ನನಗೆ ಒಳಗೊಳಗೇ ಕೋಪ. ಇದೇನು, ಇಷ್ಟು ಜಂಬ? ಎರಡು ಹೆಜ್ಜೆ ಮುಂದೆ ಬಂದು ಮಾತಾಡಿಸ್ಬಾರ್ದಾ?

ಎಕ್ಸಾಮಿನರ್ ಕೇಳಿದ್ರು, "ಅಮ್ಮಾ, ಕಟ್ಟೆ ಎತ್ತರ ಅನುಕೂಲವಾಗಿದೆಯಾ? ಬೆನ್ನು, ಭುಜ ನೋವು ಏನಾದ್ರೂ?"

"ನೋವಾ? ಅಳತೆ ಕೊಟ್ಟು ಹೊಲಿಸಿದ ರವಿಕೆ ಥರ ಇದೆ ಸಾರ್" ಅಂದ್ರು ಅತ್ತೆ.

ಎಲ್ಲರೂ ನಕ್ಕರು. ಮಾವ ಮಾತ್ರ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ನೆಲ ನೋಡ್ತಿದ್ರು. ನಾನು ಅಂದ್ಕೊಂಡೆ, ಬಾಗಿಲು ಗಿಡ್ಡ ಅಲ್ವಾ, ಅದಕ್ಕೆ.

ಫಸ್ಟ್ ಕ್ಲಾಸ್ ಬಂತು. ಆ ಅಡುಗೆಮನೆ ಫೋಟೋನ ಕಾಲೇಜಿನ ಗೋಡೆಗೆ ಹಾಕಿದ್ರು. ಅಪ್ಪ ಅದನ್ನ ನೋಡೋಕೆ ಆಫೀಸಿಗೆ ಅರ್ಧ ದಿನ ರಜ ಹಾಕಿದ್ರು. ನೋಡಿ ಬಂದು, "ಪರದೆ ಎಲ್ಲೂ ಕಾಣ್ಲಿಲ್ವಲ್ಲ?" ಅಂದ್ರು. ಅವರು ಹೊಗಳೋದು ಹಾಗೇ. ಜಯನಗರದಲ್ಲಿ ಒಂದು ಆಫೀಸಲ್ಲಿ ನನಗೆ ಕೆಲಸ ಸಿಕ್ತು. ಬೇರೆಯವರ ಅಡುಗೆಮನೆ ಬರೆಯೋದೇ ಕೆಲಸ. ಅಲ್ಲೂ ಅದೇ ಫೋಟೋ, ನನ್ನ ಮೇಜಿನ ಹಿಂದೆ. ಬಂದವರಿಗೆಲ್ಲ ನಮ್ಮ ಸಾರ್ ತೋರಿಸೋರು, "ಈ ಹುಡುಗಿ ಓದೋವಾಗಲೇ ಮಾಡಿದ್ದು" ಅಂತ.

ಎರಡು ವರ್ಷ ಹೀಗೇ ಆಯ್ತು. ನಾನು ವಾರಕ್ಕೊಂದ್ಸಲವಾದ್ರೂ ಅತ್ತೆ ಮನೆಗೆ ಹೋಗೋಳು. ನಾನು ಹೋದಾಗೆಲ್ಲ ಅತ್ತೆ ಒಲೆ ಮುಂದೆ ಇರ್ತಿರ್ಲಿಲ್ಲ, ನಡುಮನೇಲಿ ನಿಂತಿರೋರು, ಸೆರಗಲ್ಲಿ ಕೈ ಒರೆಸ್ಕೊಂಡು. ಒಲೆ ಮೇಲೆ ಏನೋ ಕುದೀತಾನೇ ಇರೋದು. "ಬಾರೆ ಬಾರೆ, ಈಗ ತಾನೇ ಇಳಿಸ್ದೆ" ಅನ್ನೋರು.

ಒಂದಿನ ನಮ್ಮ ಬೀದಿ ಅಗೆದಿದ್ರು, ನೀರಿನ ಪೈಪಿಗೆ. ದಾಟೋಕೆ ಆಗಲ್ಲ ಅಂತ ನಾನು ಸುತ್ತು ಹಾಕಿ, ಅವರ ಮನೆ ಹಿಂದಿನ ಗಲ್ಲಿಯಿಂದ, ಹಿತ್ಲ ಬಾಗಿಲಲ್ಲಿ ಒಳಗೆ ಹೋದೆ. ಚಪ್ಪಲಿ ಗಲ್ಲೀಲೇ ಬಿಟ್ಟಿದ್ದೆ, ಶಬ್ದ ಆಗಲಿಲ್ಲ.

ಅತ್ತೆ ಒಲೆ ಮುಂದೆ ನಿಂತಿದ್ರು. ಮಣೆ ಮೇಲೆ.

ಮಣೆ ಮೇಲೆ ನಿಂತೂ ಹಿಮ್ಮಡಿ ಎತ್ತಿ, ತಪಲೆ ಒಳಗೆ ಇಣುಕಿ, ಸೌಟು ಆಡಿಸ್ತಿದ್ರು. ಬಲಗೈ ಭುಜ ಕಿವಿ ತನಕ ಎದ್ದಿತ್ತು. ಮೊಣಕೈ ಒಳಗಡೆ ಒಂದು ಉದ್ದ ಸುಟ್ಟ ಕಲೆ, ಹಳೇದು. ಅದರ ಪಕ್ಕ ಇನ್ನೊಂದು, ಹೊಸದು. ಅವರು ಕಿಟಕಿಯಿಂದ ಆಚೆ ನೋಡ್ತಿದ್ರು. ಆವಾಗ ನನಗೆ ಹೊಳೀತು. ಅವರ ಅಡುಗೆಮನೆ ಅಗ್ನಿ ಮೂಲೇಲಿ, ಮನೆ ಮುಂಭಾಗದಲ್ಲಿ ಇತ್ತು. ಆ ಕಿಟಕಿಗೆ ನಮ್ಮನೆ ಗೇಟು ನೇರ ಕಾಣೋದು. ನಾನು ಗೇಟು ತೆಗೆದು ರಸ್ತೆ ದಾಟೋಷ್ಟರಲ್ಲಿ ಅವರು ಇಳಿದು, ಮಣೆ ಒಳಗೆ ತಳ್ಳಿ, ನಡುಮನೆಗೆ ಬಂದು ನಿಂತಿರೋರು. ಎರಡು ವರ್ಷ, ಪ್ರತಿ ಸಲ. ಎಕ್ಸಾಮಿನರ್ ಬಂದ ದಿನದ ಉದ್ದ ನೆರಿಗೇನೂ ಆಗಲೇ ಅರ್ಥ ಆಯ್ತು.

ತಿರುಗಿ ನನ್ನ ನೋಡಿದ್ರು. ಕದ್ದು ಸಿಕ್ಕಿಬಿದ್ದವರ ಥರ ಮುಖ ಕೆಂಪಾಯ್ತು. ಒಂದು ಕಾಲು ಕೆಳಗಿಟ್ರು, ಇನ್ನೊಂದು ಇಟ್ರು, ಹಿಮ್ಮಡೀಲಿ ಮಣೇನ ಮೆಲ್ಲಗೆ ಕಟ್ಟೆ ಕೆಳಗೆ ತಳ್ಳಿದ್ರು.

"ಯಾವಾಗ್ಬಂದ್ಯೇ? ಕಾಫಿ ಕುಡೀತೀಯಾ?"

"ಹೂಂ ಅತ್ತೆ" ಅಂದೆ.

ಅಷ್ಟೇ. ಕಾಫಿ ಕುಡಿದೆ.

ಇದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ ನಾನು. ಅತ್ತೆ, ನಾಲ್ಕಿಂಚು ಇಳಿಸ್ಬಿಡೋಣ, ಮೇಸ್ತ್ರಿಗೆ ಎರಡು ದಿನದ ಕೆಲಸ... ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಬಾಯಿ ತನಕ ಬಂತು. ನನ್ನ ಮೇಜಿನ ಹಿಂದಿನ ಫೋಟೋ ನೆನಪಾಯ್ತು. ಕಟ್ಟೆ ಒಡೆದ್ರೆ ಬೀದಿಗೆಲ್ಲ ಗೊತ್ತಾಗತ್ತೆ, ಅಪ್ಪನಿಗೆ ಗೊತ್ತಾಗತ್ತೆ. ಇಷ್ಟು ದಿನ ಮುಚ್ಚಿಟ್ಟವರಿಗೆ ನಾನು ನೋಡ್ದೆ ಅಂತ ಹೇಳಿ ಯಾಕೆ ನೋಯಿಸ್ಲಿ ಅಂತ ಒಂದು ನೆವ ಹುಡುಕ್ಕೊಂಡೆ. ಅವರು ನನಗೋಸ್ಕರ ಸುಮ್ಮನಿದ್ರು. ನಾನು ಅವರಿಗೋಸ್ಕರ ಸುಮ್ಮನಿದೀನಿ ಅಂದ್ಕೊಂಡೆ. ನಿಜ ಅಂದ್ರೆ ನಾನು ನನಗೋಸ್ಕರಾನೇ ಸುಮ್ಮನಿದ್ದೆ.

ಆಮೇಲೆ ನಾನು ಹೋಗೋದು ಕಮ್ಮಿ ಮಾಡಿದೆ. ಹೋದ್ರೂ ಮುಂದಿನ ಗೇಟಿಂದಾನೇ ಹೋಗ್ತಿದ್ದೆ, ಚಿಲಕ ಜೋರಾಗಿ ಶಬ್ದ ಮಾಡಿ, ನಿಧಾನವಾಗಿ ರಸ್ತೆ ದಾಟಿ... ಅವರಿಗೆ ಇಳಿಯೋಕೆ ಟೈಮ್ ಸಿಗ್ಲಿ ಅಂತ. ಅವರು ಇಳಿಯೋದು, ನಾನು ಕಾಯೋದು. ಇಬ್ಬರೂ ಎಂಥಾ ನಾಟಕ ಆಡಿದ್ವಿ.

ನನಗೆ ಮದುವೆ ಆಯ್ತು, ಜೆ.ಪಿ. ನಗರಕ್ಕೆ ಬಂದೆ. ಮಗು ಆಯ್ತು. ಕೆಲವು ವರ್ಷ ಆದ್ಮೇಲೆ ಒಂದಿನ ಅಮ್ಮ ಹೇಳಿ ಕಳಿಸಿದ್ರು, ಎದುರುಮನೆ ಅತ್ತೆ ಬಿದ್ರು, ಸೊಂಟದ ಮೂಳೆ ಮುರಿದಿದೆ ಅಂತ.

ಮೂಸಂಬಿ ತಗೊಂಡು ಓಡಿದೆ. ಮಂಚದ ಮೇಲೆ ಮಲಗಿದ್ರು. ಮಲಗಿದಾಗ ಎಷ್ಟು ಪುಟ್ಟಕ್ಕೆ ಕಾಣ್ತಿದ್ರು... ಮಂಚದ ಅರ್ಧ ಖಾಲಿ. ನಾನು ಏನೂ ಕೇಳೋಕೆ ಮುಂಚೆ ಅವರೇ ಶುರು ಮಾಡಿದ್ರು.

"ಬಚ್ಚಲಲ್ಲಿ ಜಾರಿದೆ ಕಣೆ. ಪಾಚಿ. ನಿನ್ನ ಡ್ರಾಯಿಂಗಲ್ಲಿ ಬಚ್ಚಲುಮನೆ ಇರ್ಲಿಲ್ವಲ್ಲ, ಅದಕ್ಕೇ ಬಿದ್ದೆ ನೋಡು."

ನಾನು ನಕ್ಕೆ. ದೇವರಾಣೆ, ನಕ್ಕೆ. ಬಚ್ಚಲಲ್ಲೇ ಬಿದ್ದಿರಲಿ ಅಂತ ನನಗೂ ಅಷ್ಟು ಬೇಕಾಗಿತ್ತು. ಮಾವ ಅಲ್ಲೇ ಕಿಟಕಿ ಹತ್ತಿರ ನಿಂತಿದ್ರು, ತಿರುಗಲಿಲ್ಲ. ಅತ್ತೆ ನನ್ನ ಕೈ ಹಿಡ್ಕೊಂಡು, "ಕಟ್ಟೆ ಮೇಲೆ ಡಬ್ಬೀಲಿ ಚಕ್ಕುಲಿ ಇದೆ, ಮಗೂಗೆ ತಗೊಂಡು ಹೋಗು" ಅಂದ್ರು. ನಾನು ಅಡುಗೆಮನೆಗೆ ಹೋದೆ. ಕಟ್ಟೆ ಕೆಳಗೆ ಬಗ್ಗಿ ನೋಡಲಿಲ್ಲ. ಡಬ್ಬಿ ತಗೊಂಡು ಬಂದೆ.

ಮೂರು ತಿಂಗಳು ಹಾಸಿಗೇಲೇ ಇದ್ರು. ಎದೇಲಿ ಕಫ ಕಟ್ಟಿ, ಜ್ವರ ಬಂದು, ಹೋಗ್ಬಿಟ್ರು. ಐವತ್ತು ತುಂಬಿತ್ತೋ ಇಲ್ವೋ.

ವೈಕುಂಠ ಸಮಾರಾಧನೆ ದಿನ, ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಮಾವ ನನ್ನ ಅಡುಗೆಮನೆಗೆ ಕರೆದ್ರು. ಅಷ್ಟು ಎತ್ತರದ ಮನುಷ್ಯ ನೆಲದ ಮೇಲೆ ಮಂಡಿಯೂರಿ, ಕಟ್ಟೆ ಕೆಳಗೆ ಕೈ ಹಾಕಿ, ಮಣೆ ಎಳೆದು ತೆಗೆದ್ರು. ಒಂದು ಪಟ್ಟಿ ಕಿತ್ತು ಹೋಗಿತ್ತು. ದಿನಾ ನೆಲ ಒರೆಸಿ ಒರೆಸಿ ಮೊಳೆ ತುಕ್ಕು ಹಿಡಿದಿತ್ತಂತೆ.

"ಬಿದ್ದಿದ್ದು ಬಚ್ಚಲಲ್ಲಿ ಅಲ್ಲಮ್ಮ" ಅಂದ್ರು. "ನಿನಗೆ ತೋರಿಸ್ಬೇಡಿ ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ಲು. ಆಣೆ ಮುರೀತಿದೀನಿ. ಇದನ್ನ ನಾನೊಬ್ಬನೇ ನೋಡ್ಕೊಂಡು ಇರೋಕೆ ಆಗಲ್ಲ ನನ್ನ ಕೈಲಿ."

ಅವರ ದನೀಲಿ ಕೋಪ ಇರ್ಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು.

ಮಾವ, ನಂಗೆ ಗೊತ್ತಿತ್ತು. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ... ಇದನ್ನ ನಾನು ಅವರಿಗೆ ಹೇಳಲಿಲ್ಲ. ಮಣೆ ತಗೊಂಡು, ಕಣ್ಣೊರೆಸ್ಕೊಂಡು ಬಂದೆ. ಪಾಪ ಹುಡುಗಿಗೆ ಈಗ ಗೊತ್ತಾಯ್ತು ಅಂತ ಅವರು ನನ್ನ ತಲೆ ಸವರಿದ್ರು. ಅದನ್ನೂ ಸವರಿಸ್ಕೊಂಡೆ.

ಮಾರನೇ ದಿನ ಆಫೀಸಿಗೆ ಹೋಗಿ ಆ ಫೋಟೋ ತೆಗೆದು ಡ್ರಾಯರಲ್ಲಿ ಹಾಕಿದೆ. ಸಾರ್ ಯಾಕೆ ಅಂದ್ರು, ಗೋಡೆ ಸುಣ್ಣ ಬಿಡ್ತಿದೆ ಅಂದೆ. ಆಮೇಲೆ ಎಷ್ಟೋ ಅಡುಗೆಮನೆ ಬರೆದೆ. ಇವತ್ತಿಗೂ ಯಾರ ಮನೆಗೆ ಹೋದ್ರೂ ಮೊದಲು ಕಟ್ಟೆ ನೋಡಲ್ಲ ನಾನು, ಕಟ್ಟೆ ಮುಂದಿನ ನೆಲ ನೋಡ್ತೀನಿ.

ಆ ಮನೆ ಈಗಿಲ್ಲ. ಒಡೆದು ನಾಲ್ಕು ಅಂತಸ್ತು ಫ್ಲಾಟ್ ಕಟ್ಟಿದಾರೆ. ಒಡೀತಿದಾರೆ ಅಂತ ಕೇಳಿ ಹೋಗಿದ್ದೆ, ತಡ ಆಗಿತ್ತು. ಕಡಪ ಕಲ್ಲು ಯಾವ ಲಾರೀಲಿ ಹೋಯ್ತೋ. ಅದಕ್ಕೂ ಎಷ್ಟೋ ಮುಂಚೆ ಮಾವ ಹೋಗಿದ್ರು. ಈಗ ಅಲ್ಲಿ ನಿಂತ್ರೆ ಯಾವುದು ಅಗ್ನಿ ಮೂಲೆ ಅಂತಾನೂ ಗೊತ್ತಾಗಲ್ಲ.

ಇವತ್ತು ಬೆಳಿಗ್ಗೆ ಡಿಸೈನರ್ ಹುಡುಗಿ ಮತ್ತೆ ಬಂದ್ಲು. ಮೇಜಿನ ಮೇಲಿದ್ದ ಮಣೆ ನೋಡಿ, "ಆಂಟಿ, ಸಖತ್ತಾಗಿದೆ ಇದು! ಪಾಲಿಶ್ ಹಾಕಿ ಗೋಡೆಗೆ ಫಿಕ್ಸ್ ಮಾಡೋಣ, ಹೊಸ ಕಿಚನ್ನಿಗೆ ಒಳ್ಳೆ ಲುಕ್ ಕೊಡತ್ತೆ" ಅಂದ್ಲು. ಬೇಡಮ್ಮ ಅಂದೆ. "ಹಾಗಿದ್ರೆ ಹೈಟು? ನಿಮ್ಮನ್ನ ಅಳೀಲಾ?" ಅಂದ್ಲು. ಪಾಪ, ಒಳ್ಳೇ ಹುಡುಗಿ.

ನನ್ನನ್ನ ಅಳೆದು ಏನು ಮಾಡ್ತಾಳೆ? ನಾನು ಒಲೆ ಮುಂದೆ ನಿಂತು ಎಷ್ಟು ವರ್ಷ ಆಯ್ತು. ನಮ್ಮನ್ನ ಸಾಕ್ತಿರೋದು ಕೋಣನಕುಂಟೆಯಿಂದ ದಿನಾ ಬಸ್ಸಲ್ಲಿ ಬರೋ ನಮ್ಮ ಅಡುಗೆಯವಳು. ಒಡೆಯೋ ಗಲಾಟೇಲೂ ಹಿತ್ಲಲ್ಲಿ ಸ್ಟೌ ಇಟ್ಕೊಂಡು ಪಲ್ಯ ಮಾಡ್ತಿದ್ಲು. ಕೂಗಿದೆ.

"ಬಾರೆ ಇಲ್ಲಿ. ಗೋಡೆಗೆ ನಿಂತ್ಕೋ, ಮೊಣಕೈ ಅಳೀಬೇಕು."

"ಅಯ್ಯೋ, ಒಲೆ ಮೇಲೆ ಪಲ್ಯ ಇದೆ ಅಮ್ಮ!" ಅಂತ ಅಲ್ಲಿಂದಲೇ ಕೂಗಿದ್ಲು. "ನಿಮ್ಮಷ್ಟೇ ಇದೀನಿ, ಬರ್ಕೊಳ್ಳಿ!"

 ಅದು ಕೇಳಿ ನಾನು ಎಂಥಾ ಕೂಗು ಕೂಗಿದೆನೋ ಏನೋ, ಸೌಟು ಹಿಡ್ಕೊಂಡೇ ಓಡಿ ಬಂದ್ಲು. ಡಿಸೈನರ್ ಹುಡುಗಿ ಕೆಂಪು ದೀಪ ಬಿಟ್ರೆ ಅದು ಅವಳ ಸೀರೆ ಮೇಲೆಲ್ಲ ಓಡಾಡ್ತಿತ್ತು, ಅವಳು ಕಚಗುಳಿ ಇಟ್ಟ ಹಾಗೆ ನಗ್ತಿದ್ಲು. ನಾನು ಹೊಲಿಗೆ ಪೆಟ್ಟಿಗೆಯಿಂದ ಬಟ್ಟೆ ಟೇಪ್ ತಂದೆ. ತುದಿ ಅವಳ ಕಾಲಿನ ಹೆಬ್ಬೆರಳ ಕೆಳಗೆ ಇಟ್ಟೆ. ಮೊಣಕೈ ಮಡಿಸು ಅಂದೆ. ಮುಟ್ಟಿದೆ. ಬೆಚ್ಚಗಿತ್ತು, ಸ್ವಲ್ಪ ಎಣ್ಣೆ. ಒಳಗಡೆ ಒಂದು ಸಣ್ಣ ಸುಟ್ಟ ಕಲೆ.

ನನಗಿಂತ ಮೂರು ಬೆರಳು ಗಿಡ್ಡ ಇದಾಳೆ. ಇಷ್ಟು ವರ್ಷ ನಮ್ಮನೇಲಿ ಅಡುಗೆ ಮಾಡಿದ್ರೂ ಗೊತ್ತಿರ್ಲಿಲ್ಲ.

"ಇದನ್ನ ಬರ್ಕೋಮ್ಮ" ಅಂತ ಡಿಸೈನರ್ ಹುಡುಗಿಗೆ ಹೇಳಿದೆ. ಬರ್ಕೊಂಡ್ಲು. ಅಡುಗೆಯವಳು ನನ್ನ ಮುಖ ನೋಡಿ, "ಯಾಕಮ್ಮ ಅಳ್ತಿದೀರ? ನಾನು ಗಿಡ್ಡ ಇರೋದಕ್ಕಾ?" ಅಂದ್ಲು. ಹೂಂ ಕಣೆ, ಅದಕ್ಕೇ ಅಂದೆ.

ಮಣೆ ಈಗ ನನ್ನ ಮಂಚದ ಪಕ್ಕ ಗೋಡೆಗೆ ಒರಗಿದೆ. ಕೋಣೆಯೆಲ್ಲ ಇಂಗು. ಕಿತ್ತ ಕಡೆ ಹೊಸ ಪಟ್ಟಿ ಹಾಕಿಸಿ ಕೊಡ್ತೀನಿ ಅಜ್ಜಿ, ಅಂದ್ಲು ಮೊಮ್ಮಗಳು. ಬೇಡ ಅಂದೆ. ಅದರ ಮೇಲೆ ಇನ್ಯಾರೂ ನಿಲ್ಲೋದು ಬೇಡ.